ಬಾವಿಯಲ್ಲೇ ಉಳಿದ ಹುಡುಗಿ

ಈ ವರ್ಷ ಯುಗಾದಿ ಮುಗಿದ ಮೇಲೆ ನಡೆದದ್ದು. ನಾನು ಕಲಬುರಗಿಯ ನೆಹರು ಗಂಜ್ ಬಳಿಯ ಒಂದು ಖಾಸಗಿ ಗ್ರಂಥಾಲಯದಲ್ಲಿ ಗ್ರಂಥಪಾಲಕಿ. ಕಮಲಾಪುರದಲ್ಲಿ ನಮ್ಮದೊಂದು ಶಾಖೆಯಿದೆ. ಅದನ್ನು ನೋಡಿಕೊಳ್ಳುವವರು ಮೆಹಬೂಬ್ ಸಾಹೇಬರು. ಎರಡೂ ಕಡೆಯ ಪುಸ್ತಕಗಳ ವಿವರವನ್ನು ಕಂಪ್ಯೂಟರಿನಲ್ಲಿ ಒಂದೇ ಪಟ್ಟಿಗೆ ತರುವ ಕೆಲಸ ನನ್ನ ಕೊರಳಿಗೆ ಬಿತ್ತು.

ಎರಡು ದಿನದ ಕೆಲಸ ಎಂದುಕೊಂಡಿದ್ದೆ. ಕೂತ ಮೇಲೆ ತಲೆ ಕೆಟ್ಟುಹೋಯಿತು. ನಮ್ಮ ವಿವರವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಅವರದು ಕನ್ನಡದಲ್ಲಿ. ನಮ್ಮಲ್ಲಿ ಹೆಸರು, ಲೇಖಕರು, ಭಾಗ ಎಂದು ಬೇರೆ ಬೇರೆ ಕಾಲಂ. ಸಾಹೇಬರಿಗೆ ಭಾಗವನ್ನು ಬರೆಯುವ ರೂಢಿಯೇ ಇಲ್ಲ. ಪುಸ್ತಕದ ಬೆನ್ನಿಗೆ ಬಣ್ಣದ ಚೀಟಿ ಅಂಟಿಸಿಬಿಡುತ್ತಾರೆ, ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ಹಸಿರು. ಕಂಪ್ಯೂಟರಿಗೆ ಆ ಬಣ್ಣ ಎಲ್ಲಿ ಕಾಣಬೇಕು? ಒಂದು ದಪ್ಪ ಕಾದಂಬರಿಗೆ ನಮ್ಮಲ್ಲಿ ಭಾಗ ಎರಡು ಎಂದಿತ್ತು, ಅವರಲ್ಲಿ ಖಾಲಿ. ಖಾಲಿ ಇದ್ದದ್ದನ್ನು ಕಂಪ್ಯೂಟರು ಅದೇ ಪುಸ್ತಕದ ಅರೆಬರೆ ನಕಲು ಎಂದುಕೊಂಡು, ಅಳಿಸಲೇ ಎಂದು ಕೇಳಿತು. ನಾನು ಸಾಹೇಬರಿಗೆ ಫೋನ್ ಮಾಡಿದೆ.

"ಅಳಿಸಬ್ಯಾಡ್ರಿ ಮೇಡಂ, ನಮ್ಮದಕ್ಕ ಕೆಂಪು ಚೀಟಿ ಅದ. ಎರಡನೇದು ಬಂತೇನ್ರಿ ಅಂತ ಶರಣಮ್ಮ ಕೇಳಿ ಕೇಳಿ ಸಾಕಾಗ್ಯಾರ" ಎಂದರು.

ಶರಣಮ್ಮ ಅಲ್ಲಿ ಬ್ಲೌಸ್ ಹೊಲಿಯುವವರು. ಮೊದಲ ಭಾಗದ ಕೊನೆಯಲ್ಲಿ ಕಥಾನಾಯಕಿ ಬಾವಿಗೆ ಜಾರಿ, ಹಗ್ಗ ಹಿಡಿದು ನೇತಾಡುತ್ತಾಳಂತೆ. ಅವಳು ಬದುಕಿದಳೋ ಇಲ್ಲವೋ ಎಂಬುದು ಈಯಮ್ಮನನ್ನು ವರ್ಷಗಟ್ಟಲೆ ಕಾಡಿದ ಚಿಂತೆ. ಎರಡನೇ ಭಾಗ ನಮ್ಮ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು!

ಮರುದಿನವೇ ಪುಸ್ತಕ ಹಿಡಿದು ಕಮಲಾಪುರದ ಬಸ್ಸು ಹತ್ತಿದೆ. ಸಾಹೇಬರು ಹೇಳಿಕಳಿಸಿದ್ದೇ ತಡ, ಶರಣಮ್ಮ ಮಷಿನ್ ಬಿಟ್ಟು, ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದರು. ನಮಸ್ಕಾರವೂ ಇಲ್ಲ. ಪುಸ್ತಕ ಕಸಿದುಕೊಂಡು ಬಾಗಿಲಲ್ಲೇ ನಿಂತು ಓದತೊಡಗಿದರು. ನಾವಿಬ್ಬರೂ ಚಹಾ ಕುಡಿಯುವುದನ್ನು ಮರೆತು ಅವರ ಮುಖವನ್ನೇ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಬದುಕ್ಯಾಳ್ರೀ."

ಹೇಗೆ ಮೇಲೆ ಬಂದಳು ಎಂದು ಕೇಳಿದೆ.

"ಹ್ಯಾಂಗ ಅಂತ ನಾ ಹೇಳಂಗಿಲ್ರಿ. ನೀವೂ ಮೊದಲ ಕೆಂಪು ಚೀಟೀದು ಓದ್ರಿ."

ಓದಿದೆ. ಊಟ, ನಿದ್ದೆ ಬಿಟ್ಟು ಓದಿದೆ. ಹುಡುಗಿ ಬಾವಿಗೆ ಬಿದ್ದಳು, ಪುಸ್ತಕ ಮುಗಿಯಿತು. ಹಸಿರು ಚೀಟಿಯದು ಶರಣಮ್ಮನಿಂದ ಅವರ ಓಣಿಯ ಹೆಂಗಸರ ಕೈಗೆ ಹೋಗಿದೆ. ಈಗ ಕಮಲಾಪುರಕ್ಕೆ ಫೋನ್ ಮಾಡಿದಾಗಲೆಲ್ಲ, ಎರಡನೇದು ಬಂತೇನ್ರಿ ಎಂದು ಕೇಳುವವಳು ನಾನು. ಸಾಹೇಬರು ನಗುತ್ತಾರೆ. ಅಷ್ಟು ವರ್ಷ ಶರಣಮ್ಮ ಹೇಗೆ ತಡೆದುಕೊಂಡರೋ ಎಂದು ನೆನೆದರೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ.

ನಮ್ಮ ಪಟ್ಟಿಯಲ್ಲಿ ಈಗ ಎರಡೂ ಭಾಗಗಳು ಅಕ್ಕಪಕ್ಕ ಕಾಣುತ್ತವೆ. ನನಗೆ ಮಾತ್ರ ಆ ಹುಡುಗಿ ಇನ್ನೂ ಹಗ್ಗ ಹಿಡಿದು ನೇತಾಡುತ್ತಲೇ ಇದ್ದಾಳೆ.