ಹಾರಿಹೋಗದ ನಿಂಬೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ನಿಂತ ಮೂಗಕ್ಕ ಬೆರಳುದ್ದದ ಸೀಸೆಯೊಂದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಸಿಕ್ಕಿಬಿದ್ದ ಕಳ್ಳನನ್ನು ವಿಚಾರಿಸುವವಳಂತೆ ನೋಡುತ್ತಾಳೆ. "ನಿನ್ನೆ ಇಷ್ಟು ಹಳದಿ ಇದ್ಯಾ ನೀನು?" ಎಂದು ಅದನ್ನೇ ಕೇಳುತ್ತಾಳೆ. ಆಮೇಲೆ ಮುಚ್ಚಳ ತಿರುಗಿಸಿ ಎರಡೂ ಮಣಿಕಟ್ಟಿಗೆ, ಮೊಣಕೈಯ ಒಳಮಡಿಕೆಗೆ, ಕಿವಿಯ ಹಿಂದೆ ಒಂದೊಂದು ತೊಟ್ಟು ಮುಟ್ಟಿಸಿಕೊಳ್ಳುತ್ತಾಳೆ. ಉಜ್ಜುವುದಿಲ್ಲ. ಒಣಗುವವರೆಗೆ ಕೈಗಳನ್ನು ಮುಂದಕ್ಕೆ ಚಾಚಿ ನಿಂತೇ ಇರುತ್ತಾಳೆ. ಟೀ ಆಮೇಲೆ. ಟೀ ಕುಡಿದ ಮೂಗನ್ನು ಆಕೆ ನಂಬುವುದಿಲ್ಲ.

ಮೂಗಕ್ಕ ಎನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬಾಚಣಿಗೆ, ಕರವಸ್ತ್ರಗಳ ಪಕ್ಕ ನೇತುಹಾಕಿ ಮಾರುವ ಅಗ್ಗದ ಸೆಂಟು ತಯಾರಿಸುವ ಸಣ್ಣ ಕಾರ್ಖಾನೆ ಅದು. ಅಲ್ಲಿ ಬೆರೆಸುವವರಿದ್ದಾರೆ, ತುಂಬುವವರಿದ್ದಾರೆ, ಡಬ್ಬಿ ಕಟ್ಟುವವರಿದ್ದಾರೆ. ಮೂಗಕ್ಕನದು ಹಚ್ಚಿಕೊಂಡು ಓಡಾಡುವ ಕೆಲಸ. ಮಾರುಕಟ್ಟೆಗೆ ಹೋಗುವ ಮೊದಲು ಪ್ರತಿಯೊಂದು ಸೆಂಟೂ ಆಕೆಯ ಮೈಮೇಲೆ ಬಸ್ಸು ಹತ್ತಬೇಕು, ಬಿಸಿಲಲ್ಲಿ ನಡೆಯಬೇಕು, ಮೆಟ್ಟಿಲೇರಿ ಬೆವರಬೇಕು. ಎಷ್ಟು ಹೊತ್ತು ನಿಂತಿತು, ಬೆವರಿನ ಜೊತೆ ಸೇರಿ ಏನಾಯಿತು ಎಂದು ಸಂಜೆ ಯಜಮಾನಿಗೆ ಆಕೆ ಹೇಳಬೇಕು.

"ಫ್ಯಾನ್ ಕೆಳಗೆ ಕೂತು ಮೂಸಿದ್ರೆ ಎಲ್ಲಾ ಸೆಂಟೂ ಚೆನ್ನಾಗೇ ಇರುತ್ತೆ," ಎನ್ನುತ್ತಾಳೆ. "ತಗೊಳ್ಳೋರು ಫ್ಯಾನ್ ಕೆಳಗೆ ಕೂರೋ ಜನ ಅಲ್ವಲ್ಲ."

ಕೇಳಲು ಸುಖದ ಕೆಲಸ. ಮಾಡಿದವರಿಗೆ ಗೊತ್ತು ಅದರ ಪಾಡು. ಮೈಗೆ ವಾಸನೆಯ ಸೋಪು ಇಲ್ಲ, ತಲೆಗೆ ವಾಸನೆಯ ಎಣ್ಣೆ ಇಲ್ಲ. ಈರುಳ್ಳಿ ಹೆಚ್ಚುವುದೂ ಸಂಜೆಗೇ. ದಿನಕ್ಕೊಂದು ಪರಿಮಳ ಹೊತ್ತು ಬರುವ ಹೆಂಗಸನ್ನು ಬೀದಿಯವರು ಸುಮ್ಮನೆ ಬಿಟ್ಟಾರೆಯೇ? ಲಾರಿ ಓಡಿಸುವ ಗಂಡ ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲಿರುವುದಿಲ್ಲ. ಮದುವೆಯಾದ ಹೊಸದರಲ್ಲಿ ಎದುರುಮನೆಯವಳು ಅವನ ಕಿವಿ ಕಚ್ಚಿದ್ದೂ ಉಂಟು. "ನಮ್ಮೋರು ಒಂದಿನ ನನ್ನ ಹಿಂದೇನೇ ಬಂದ್ರು. ಬಸ್ಸು, ಮಾರ್ಕೆಟ್ಟು, ಆ ಎತ್ತರದ ಮೆಟ್ಟಿಲು, ಎಲ್ಲಾ ಕಡೆ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಅವರೇ ಎದುರಿಗೆ ಬಂದು ನೀರು ಕೇಳಿದ್ರು," ಎಂದು ನಗುತ್ತಾಳೆ. ಆದರೆ ಅನುಮಾನದ ವಿಷಯದಲ್ಲಿ ತಾನೇನೂ ಕಡಿಮೆಯಿಲ್ಲ ಎಂದು ಆಕೆಯೇ ಒಪ್ಪಿಕೊಳ್ಳುತ್ತಾಳೆ. ಈ ಬೇಸಿಗೆಯಲ್ಲಿ ಆದದ್ದೂ ಅದೇ.

ಬೇಸಿಗೆಗೆಂದೇ ಕಾರ್ಖಾನೆ ಹೊಸ ಸೆಂಟೊಂದನ್ನು ತಯಾರಿಸಿತ್ತು. ಹಚ್ಚಿದ ಕೂಡಲೇ ನಿಂಬೆಸಿಪ್ಪೆ ಚಿವುಟಿದಂತೆ, ಸ್ವಲ್ಪ ಹೊತ್ತಿಗೆ ಸೌತೆಕಾಯಿ ಕತ್ತರಿಸಿದಂತೆ, ಕೊನೆಗೆ ಬಿಸಿಲಲ್ಲಿ ಒಣಗಿದ ಬಟ್ಟೆಯಂತೆ ಅದರ ವಾಸನೆ. ಮೂಗಕ್ಕನಿಗೂ ಹಿಡಿಸಿತು. ಆದರೆ ಮೊದಲ ವಾರದಲ್ಲೇ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಅಗ್ಗದ ಸೆಂಟಿನಲ್ಲಿ ಮೊದಲು ಕಾಲ್ಕೀಳುವುದೇ ನಿಂಬೆ, ಬಸ್ಸಿಳಿಯುವಷ್ಟರಲ್ಲಿ ಹೋಗಿರಬೇಕು. ಇದು ಮಧ್ಯಾಹ್ನವಾದರೂ ಇತ್ತು. ಸಂಜೆ ಯಜಮಾನಿಯೇ ಹತ್ತಿರ ಬಂದು ಮೂಸಿ, "ಅಬ್ಬಾ! ಇನ್ನೂ ಹಾಗೇ ಇದೆಯಲ್ಲಾ!" ಎಂದು ಹಿಗ್ಗಿದಳು. ಡಬ್ಬಿಯ ಮೇಲೆ 'ದಿನವಿಡೀ ತಾಜಾ' ಎಂದು ಅಚ್ಚು ಹಾಕಿಸುವ ಮಾತೂ ಬಂತು.

ಎಲ್ಲರೂ ಖುಷಿಯಾಗಿದ್ದರೆ ಮೂಗಕ್ಕನಿಗೆ ಮಾತ್ರ ಊಟ ಸೇರಲಿಲ್ಲ. ಮನೆಗೆ ತಂದ ಸೀಸೆಯಲ್ಲಿ ಸೆಂಟು ಬೇರೆ ಬೇಗಬೇಗ ಇಳಿಯುತ್ತಿತ್ತು. ಮುಚ್ಚಳ ಸೋರುತ್ತಿದೆಯೇ? ಅಥವಾ ತುಂಬುವಾಗಲೇ ಕಡಿಮೆ ತುಂಬಿದರೇ? ಆಕೆಯ ಅನುಮಾನ ತಿರುಗಿ ತಿರುಗಿ ಒಬ್ಬರ ಮೇಲೇ ಬಂದು ನಿಂತಿತು: ಬೆರೆಸುವ ಕೋಣೆಯ ಹಿರಿಯ, ಎಲ್ಲರೂ ಮಿಕ್ಸಿಂಗ್ ಅಣ್ಣ ಎನ್ನುವವನು. ಬಾಗಿಲು ಹಾಕಿಕೊಂಡು ಕೆಲಸ ಮಾಡುವ, ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುವ ಮನುಷ್ಯ. ಹೆಸರು ಮಾಡಬೇಕೆಂದು ಮೈಗೆ ಆಗದ್ದೇನನ್ನೋ ಬೆರೆಸುತ್ತಿದ್ದಾನೆ ಎಂದು ಆಕೆಗೆ ಖಾತ್ರಿಯಾಯಿತು. ಕುತ್ತಿಗೆಯಲ್ಲಿ ಎದ್ದ ಬೆವರುಸಾಲೆಯೂ ಸಾಕ್ಷಿಯಂತೆ ಕಂಡಿತು.

ಒಂದು ಮಧ್ಯಾಹ್ನ ನೇರವಾಗಿಯೇ ಕೇಳಿದಳು. "ಅಣ್ಣಾ, ಇದಕ್ಕೆ ಏನು ಹಾಕ್ತಿದೀರಿ?"

"ಅಳತೆ ಚೀಟಿಯಲ್ಲಿರೋದು."

"ಅಷ್ಟೇನಾ?"

"ಮತ್ತೇನು, ವಿಷ ಹಾಕ್ತೀನಾ?" ಅವನು ತಲೆಯೆತ್ತಲಿಲ್ಲ.

ತಲೆಯೆತ್ತದ್ದೇ ಸಾಕಾಯಿತು. ಅಂದೇ ಮೂಗಕ್ಕ ಯಜಮಾನಿಯ ಬಳಿ ಹೋಗಿ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಳು. ಯಜಮಾನಿ ಬೆರೆಸುವ ಕೋಣೆಯ ಕೀಲಿಕೈ ತರಿಸಿಕೊಂಡಳು. ಮಾರನೆಯ ದಿನದಿಂದ ಮಿಕ್ಸಿಂಗ್ ಅಣ್ಣ ಡಬ್ಬಿ ಕಟ್ಟುವ ಮೇಜಿನಲ್ಲಿ, ತನ್ನ ಮಗಳ ವಯಸ್ಸಿನ ಹುಡುಗಿಯರ ನಡುವೆ ಕುಳಿತು ಅಂಟು ಹಚ್ಚತೊಡಗಿದ. ಮೂಗಕ್ಕ ಹಾದುಹೋದಾಗಲೆಲ್ಲ ಅಂಟಿನ ಡಬ್ಬಿಯ ಮುಚ್ಚಳ ಹಾಕುತ್ತಿದ್ದ. "ಇದಕ್ಕೂ ಏನಾದ್ರೂ ಬೆರೆಸಿದ ಅಂತಾಳೆ," ಎಂದು ಪಕ್ಕದವಳಿಗೆ ಹೇಳಿದ್ದು ಆಕೆಗೂ ಕೇಳಿಸಿತು.

ಕೋಣೆಯಲ್ಲಿ ಬೇರೆಯದೇನೂ ಸಿಗಲಿಲ್ಲ. ಸೆಂಟನ್ನು ಬೇರೆಯವಳೊಬ್ಬಳು ಬೆರೆಸಿದಳು. ಆದರೂ ನಿಂಬೆ ಹೋಗಲಿಲ್ಲ.

ಗುಟ್ಟು ರಟ್ಟಾದದ್ದು ರಜೆಯ ದಿನ, ಮನೆಯಲ್ಲೇ. ಕೆಲಸಕ್ಕೆ ತೊಡುವ ಹತ್ತಿಯ ಮೇಲಂಗಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತಿತ್ತು. ಅಂದು ಅದನ್ನು ನೆನೆಹಾಕಿ, ಮನೆಯ ಹಳೆಯ ಅಂಗಿಯಲ್ಲೇ ಸೆಂಟು ಹಚ್ಚಿಕೊಂಡು ಮೂಗಕ್ಕ ಮೇಲಿನ ಮಾಳಿಗೆಗೆ ಬಟ್ಟೆ ಒಣಹಾಕಲು ಹೋದಳು. ಇಳಿದು ಬರುವಷ್ಟರಲ್ಲಿ ಮಣಿಕಟ್ಟು ಮೂಸಿದರೆ ನಿಂಬೆಯಿಲ್ಲ. ಸೌತೆಕಾಯಿಯೂ ಹೊರಡುವ ಅವಸರದಲ್ಲಿತ್ತು. ಅದನ್ನೇ ಯೋಚಿಸುತ್ತ ಸದ್ದಿಲ್ಲದೆ ಒಳಗೆ ಕಾಲಿಟ್ಟಳು.

ಮಂಚದ ಮೇಲೆ ಕುಳಿತಿದ್ದ ಅತ್ತೆ ದಡಕ್ಕನೆ ಕೋಲು ಎತ್ತಿದರು. "ಯಾರದು? ಯಾರು ಬಂದೋರು?"

"ನಾನೇ ಅತ್ತೆ."

"ಸುಳ್ಳು! ನೀನಾದ್ರೆ ವಾಸನೆ ಎಲ್ಲಿ?"

ಅತ್ತೆಗೆ ಕಣ್ಣು ಹೋಗಿ ಬಹಳ ಕಾಲವಾಗಿಲ್ಲ. ಹೋದ ವರ್ಷ, ಮೂಗಕ್ಕ ಕೆಲಸದಲ್ಲಿದ್ದಾಗ, ಹಾಡಹಗಲೇ ಯಾರೋ ಮನೆಗೆ ನುಗ್ಗಿದ್ದ. ಸೊಸೆಯೇ ಬೇಗ ಬಂದಳೆಂದು ತಿಳಿದು ಅತ್ತೆ ಅವನೊಂದಿಗೆ ಮೊಣಕಾಲು ನೋವಿನ ವಿಷಯ, ಮಗ ಫೋನು ಮಾಡದ ವಿಷಯ ಎಲ್ಲ ಮಾತಾಡಿದ್ದರು. ಅವನು ಒಳಗೆ ಪಾತ್ರೆ ತಡಕುತ್ತ ಆಗಾಗ ಹೂಂ ಎಂದಿದ್ದ. ಕುಕ್ಕರು, ಮಿಕ್ಸಿ ಹೋದದ್ದಕ್ಕೆ ಅವರು ಅತ್ತಿರಲಿಲ್ಲ. "ನನ್ನ ಮಾತಿಗೆಲ್ಲಾ ಹೂಂ ಅಂದ ಕಣೆ," ಎಂದು ಮಾತ್ರ ಮತ್ತೆ ಮತ್ತೆ ಹೇಳಿ ಅತ್ತಿದ್ದರು.

ಅಂದಿನಿಂದ ಅವರಿಗೆ ಯಾರ ಹೆಜ್ಜೆಯ ಮೇಲೂ ನಂಬಿಕೆಯಿಲ್ಲ. ಸೊಸೆಯನ್ನು ವಾಸನೆಯಿಂದ ಗುರುತಿಸೋಣವೆಂದರೆ ಅವಳದು ದಿನಕ್ಕೊಂದು ವಾಸನೆ, ಅದೂ ಮನೆಗೆ ಬರುವಷ್ಟರಲ್ಲಿ ಬೆವರಿನಲ್ಲಿ ಕರಗಿಹೋಗುತ್ತಿತ್ತು. ಈ ಬೇಸಿಗೆಯ ಸೆಂಟು ಎರಡು ಮೂರು ದಿನವಾದರೂ ಬದಲಾಗದ್ದನ್ನು ಗಮನಿಸಿದ ಅತ್ತೆ, ಮೂಗಕ್ಕ ಸ್ನಾನಕ್ಕೆ ಹೋದಾಗ ಕಪಾಟು ತಡಕಿ ಸೀಸೆ ತೆಗೆದು, ಮೇಲಂಗಿಯ ಕಾಲರಿನ ಒಳಮಡಿಕೆಗೆ ಧಾರಾಳವಾಗಿ ಸುರಿಯತೊಡಗಿದ್ದರು. ಚರ್ಮದ ಮೇಲೆ ಹಾರಿಹೋಗುವುದು ದಪ್ಪ ಹತ್ತಿಬಟ್ಟೆಯಲ್ಲಿ ಕೂತುಬಿಟ್ಟಿತ್ತು. ಮಣಿಕಟ್ಟು ಮೂಸಲು ತಲೆ ಬಗ್ಗಿಸಿದಾಗಲೆಲ್ಲ ಮೂಗಕ್ಕ ಮೂಸುತ್ತಿದ್ದದ್ದು ತನ್ನದೇ ಕಾಲರನ್ನು.

"ನನ್ನನ್ನ ಕೇಳಬಾರದಿತ್ತಾ ಅತ್ತೆ?" ಎಂದಳು, ಮಂಚದ ಪಕ್ಕ ನೆಲದ ಮೇಲೆ ಕೂತು.

"ಹೆದರಿಕೊಂಡಿದೀನಿ ಅಂತ ಸೊಸೆ ಹತ್ರ ಹೇಳ್ಕೊಳ್ಳೋದಾ?" ಎಂದು ಅತ್ತೆ ಮುಖ ತಿರುಗಿಸಿದರು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದಿನವಿಡೀ ತಾಜಾ ಎಂದು ಅಚ್ಚಾಗಿ ಸೆಂಟು ಮಾರುಕಟ್ಟೆಗೂ ಹೋಗಿಬಿಡುತ್ತಿತ್ತು. ಮಾರನೆಯ ಬೆಳಿಗ್ಗೆ ಮೂಗಕ್ಕ ಡಬ್ಬಿ ಕಟ್ಟುವ ಮೇಜಿನ ಮುಂದೆಯೇ ನಿಂತು, ಯಜಮಾನಿಯನ್ನೂ ಕರೆಸಿ, ಎಲ್ಲವನ್ನೂ ಬಿಡಿಸಿ ಹೇಳಿದಳು. "ತಪ್ಪು ನಂದು, ಅಣ್ಣಾ. ನಿಮ್ಮನ್ನ ಮೂಸಿದೆ, ನನ್ನ ಅಂಗಿ ಮೂಸಲಿಲ್ಲ."

ಹುಡುಗಿಯರು ನಕ್ಕರು. ಮಿಕ್ಸಿಂಗ್ ಅಣ್ಣ ನಗಲಿಲ್ಲ. ಕೀಲಿಕೈ ಕೈಗೆ ಬಂದ ಮೇಲೆ ಒಂದೇ ಮಾತು ಹೇಳಿದ: "ನಾಳೆಯಿಂದ ಆ ಅಂಗಿ ಇಲ್ಲೇ ಇರ್ಲಿ. ದಿನಾ ಬೆಳಿಗ್ಗೆ ಕೊಡೋದು ನಾನೇ." ಕೊಡುತ್ತಾನೆ ಕೂಡ, ಮೊದಲು ತಾನು ಕಾಲರು ಮೂಸಿ ನೋಡಿ. ಇಬ್ಬರ ನಡುವೆ ಮಾತು ಇನ್ನೂ ಅಷ್ಟಕ್ಕಷ್ಟೇ. "ಮೂಸಲಿ ಬಿಡಿ," ಎನ್ನುತ್ತಾಳೆ ಮೂಗಕ್ಕ. "ಅವರ ಜಾಗದಲ್ಲಿ ನಾನಿದ್ರೆ ಜೇಬೂ ನೋಡ್ತಿದ್ದೆ."

ಯಜಮಾನಿಗೆ ಡಬ್ಬಿಯ ಮೇಲಿನ ಮಾತು ಬಿಡಲು ಮನಸ್ಸಿರಲಿಲ್ಲ. ಸ್ವಲ್ಪ ಹೆಚ್ಚುಕಡಿಮೆ ಎಲ್ಲರೂ ಬರೆಯುತ್ತಾರೆ ಎಂದಳು. ಮೂಗಕ್ಕ ಆ ಮಧ್ಯಾಹ್ನ ಅವಳಿಗೇ ಹೊಸ ಸೆಂಟು ಹಚ್ಚಿ, ಬಿಸಿಲಲ್ಲಿ ಮಾರ್ಕೆಟ್ಟಿನವರೆಗೆ ನಡೆಸಿಕೊಂಡು ಹೋಗಿ ಬಂದಳು. ವಾಪಸು ಬಂದು ಕೈ ಮೂಸಿಕೊಂಡ ಯಜಮಾನಿ, ಏನು ಬರೆಯೋಣ ನೀನೇ ಹೇಳು ಎಂದಳು.

ಅತ್ತೆಗೋಸ್ಕರ ಈಗ ಬಾಗಿಲಿಗೆ ಗಂಟೆ ಕಟ್ಟಿದ್ದಾರೆ. ಸೊಸೆಯೂ ತನ್ನ ಹೆಸರು ಹೇಳದೆ ಒಳಗೆ ಬರುವಂತಿಲ್ಲ.

ಸೆಂಟು ಮಾರಾಟಕ್ಕೆ ಬಂದ ಮೇಲೆ ಒಂದು ದಿನ ತುಂಬಿದ ಬಸ್ಸಿನಲ್ಲಿ ಮೂಗಕ್ಕನ ಮುಂದೆ ಕಂಬಿ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಚೀಲದಿಂದ ಆ ಡಬ್ಬಿ ತೆಗೆದಳು. ಅದರ ಮೇಲೆ ಸಣ್ಣ ಅಕ್ಷರದಲ್ಲಿದ್ದದ್ದನ್ನು ಗೆಳತಿಗೆ ಓದಿ ಹೇಳಿದಳು: 'ಮಧ್ಯಾಹ್ನ ಇನ್ನೊಮ್ಮೆ ಹಚ್ಚಿಕೊಳ್ಳಿ.' "ಪರವಾಗಿಲ್ಲ ಕಣೆ, ಇವರಾದ್ರೂ ನಿಜ ಹೇಳಿದಾರೆ," ಎಂದಳು ಗೆಳತಿ.

"ಡಬ್ಬಿ ಮೇಲೆ ನನ್ನ ಹೆಸರೇನೂ ಇಲ್ಲ," ಎನ್ನುತ್ತಾಳೆ ಮೂಗಕ್ಕ. "ಆದ್ರೆ ಆ ಒಂದು ಸಾಲು ನಂದು."