ದೇವರ ಫೋಟೋ ಹಿಂದಿನ ಸ್ವಿಚ್ಚು

ಭರಮಣ್ಣಾ, ನಿನ್ನ ಲಾರಿಯ ಟಿ.ವಿ. ಎಲ್ಲಿದೆ ಎಂದು ಇನ್‌ಸ್ಪೆಕ್ಟರ್ ಸಾಹೇಬರಿಗೆ ಹೇಳಿದವನು ನಾನು. ದುಂಡಪ್ಪ ಅಲ್ಲ. ನಾನು — ಗೋಕಾಕದ ವಾಯರಿಂಗ್ ಅಂಗಡಿಯ ಶಂಕರ. ಕೂಡಿಸಿದ ಕೈಯೇ ಹಿಡಿದುಕೊಟ್ಟಿತು.

ಇಷ್ಟು ಬರೆಯಲು ನನಗೆ ಎಂಟು ವರ್ಷ ಬೇಕಾಯಿತು. ಬರೆದ ಮೇಲೆ ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ನೀರು ಕುಡಿದು ಬಂದೆ. ಈಗ ಉಳಿದದ್ದನ್ನೂ ಹೇಳುತ್ತೇನೆ. ಮಧ್ಯದಲ್ಲಿ ಹರಿದು ಎಸೆಯಬೇಡ, ಕಡೆಯತನಕ ಓದು.

ಆಗ ಎಲ್ಲೆಲ್ಲೂ ವಿ.ಸಿ.ಡಿ. ಹಾಕಿ ಸಿನಿಮಾ ನೋಡುವ ಹುಚ್ಚು. ಮೂಡಲಗಿಯಿಂದ ಬೆಲ್ಲ ಹೇರಿಕೊಂಡು ಮುಂಬೈಗೆ ಹೋದವನು ನೀನು, ಬರುವಾಗ ಅಂಗೈ ಅಗಲದ ಟಿ.ವಿ. ತಂದಿದ್ದೆ. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದು, "ಶಂಕರಾ, ಯಾರಿಗೂ ಕಾಣದಂಗ ಕೂಡಸು. ಅದರ ಮಾರಿ ಮಾತ್ರ ಸ್ಟೇರಿಂಗ್ ಕಡೆ ಇರಲಿ" ಎಂದೆ. ಓಡಿಸುವವನ ಕಣ್ಣಿಗೆ ಕಾಣುವ ಹಾಗೆ ಟಿ.ವಿ. ಇದ್ದರೆ ಕೇಸು ಬೀಳುತ್ತದೆಂದು ನನಗೆ ಗೊತ್ತಿತ್ತು. ಕೇಸಿಗಿಂತ ದೊಡ್ಡದು ಜೀವ ಎಂಬುದೂ ಗೊತ್ತಿತ್ತು. ಆದರೆ ಕೆಲಸದ ಹುರುಪು — ಕೈ ನಿಲ್ಲಲಿಲ್ಲ. ಎರಡು ದಿನ ಕೂತು, ಹಳೆಯ ವೈಪರ್ ಮೋಟಾರು ಹಚ್ಚಿ, ಸ್ವಿಚ್ಚು ಒತ್ತಿದರೆ ಟಿ.ವಿ. ಡ್ಯಾಶ್‌ಬೋರ್ಡಿನೊಳಗಿಂದ ತಾನೇ ಮೇಲೆ ಏಳುವಂತೆ ಮಾಡಿದೆ. ಸ್ವಿಚ್ಚನ್ನು ದೇವರ ಫೋಟೋ ಹಿಂದೆ ಇಟ್ಟೆ. ಮಾಲೆ ಹಾಕಿದ ದೇವರ ಹಿಂದೆ ಯಾವ ಸಾಹೇಬನೂ ಕೈ ಹಾಕಲಾರ ಎಂದು ನಾನೇ ಹೇಳಿ ನಕ್ಕೆ. ನೀನೂ ನಕ್ಕೆ, ಎರಡೆರಡು ಚಹಾ ಕುಡಿಸಿದೆ.

ನಮ್ಮ ಕಸುಬಿಗೆ ಒಂದು ನೇಮವಿದೆ. ಗಾಡಿ ಕಳುವಾಗಬಾರದೆಂದು ನಾವು ಒಂದು ಕಳ್ಳ ಸ್ವಿಚ್ಚು ಇಡುತ್ತೇವೆ, ಅದನ್ನು ಹಾಕದೆ ಇಂಜಿನ್ ಚಾಲೂ ಆಗುವುದಿಲ್ಲ. ಅದರ ಜಾಗ ಓಡಿಸುವವನಿಗೆ ಮತ್ತು ವಾಯರಿಂಗ್ ಮಾಡಿದವನಿಗೆ ಮಾತ್ರ ಗೊತ್ತಿರಬೇಕು, ಮಾಲೀಕ ಕೇಳಿದರೂ ನಾವು ಹೇಳಬಾರದು. "ಬಾಯಿ ಬಿಟ್ಟಂವನ ಅಂಗಡಿಗೆ ನಾಯಿನೂ ಬರೂದಿಲ್ಲ" ಎಂದು ನನಗೆ ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿದ್ದರು. ನಿನ್ನ ಟಿ.ವಿ. ಸ್ವಿಚ್ಚಿನ ಜಾಗ ಮೂವರಿಗೆ ಗೊತ್ತಿತ್ತು. ನೀನು, ನಾನು, ಮತ್ತು ನಿನ್ನ ಜೋಡಿ ಪಾಳಿಯ ಮೇಲೆ ಗಾಡಿ ಓಡಿಸುತ್ತಿದ್ದ ನಿನ್ನ ತಂಗಿಯ ಗಂಡ, ಹುಕ್ಕೇರಿಯ ದುಂಡಪ್ಪ.

ಹಾಗಾದರೆ ನಾನೇಕೆ ಹೇಳಿದೆ? ನಗಬೇಡ. ನೀನು ಕೊಲ್ಲಾಪುರದಲ್ಲಿ ಲೈಟು ಹಾಕಿಸಿಕೊಂಡು ಬಂದೆ, ಅದಕ್ಕೆ.

ಹನ್ನೊಂದು ವರ್ಷ ಆ ಗಾಡಿಯ ಒಂದು ವಾಯರನ್ನೂ ಬೇರೆಯವನು ಮುಟ್ಟಿರಲಿಲ್ಲ. ಅಂದು ನನ್ನ ಅಂಗಡಿಯ ಬಾಜೂ ಚಹಾದ ಗಾಡಿಯ ಮುಂದೆ ನಿಂತು, ನಾಲ್ಕು ಮಂದಿಯ ಎದುರು, "ಲೈಟ್ ಅಂದ್ರ ಇದು ನೋಡೋ ಶಂಕರಾ. ನಿಂದು ಸೈಕಲ್ಲಿನ ಡೈನಮೋ" ಎಂದೆ. ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ನೀನು ಚೇಷ್ಟೆಗೆ ಅಂದದ್ದು, ಸಂಜೆಗೆ ಮರೆತೂ ಬಿಟ್ಟಿರುತ್ತೀ. ನನಗೆ ಮಾತ್ರ — ನನ್ನವನೇ ನನಗೆ ಕೈಕೊಟ್ಟ ಎನ್ನಿಸಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲಿ ಇರುವುದು ನಿನಗೆ ಗೊತ್ತು. ಈ ಸಲ ಅದು ಮೂಗಿನಿಂದ ಇಳಿದು ಹೊಟ್ಟೆಯೊಳಗೆ ಕೂತಿತು.

ಅದೇ ವಾರ ಇನ್‌ಸ್ಪೆಕ್ಟರ್ ಸಾಹೇಬರ ಜೀಪು ಹಾರ್ನ್ ರಿಪೇರಿಗೆ ಬಂತು. ಕೆಟ್ಟ ಮನುಷ್ಯರಲ್ಲ, ಅದೂ ಇದೂ ಮಾತಾಡುತ್ತ, "ಭಾಳ ಮಂದಿ ಗಾಡಿಯಾಗ ಟಿ.ವಿ. ಹಾಕ್ಕೊಂಡಾರಂತ, ಎಷ್ಟ ಹುಡುಕಿದ್ರೂ ಸಿಗವಲ್ದು ನೋಡ್ರಿ" ಎಂದರು. ನನ್ನನ್ನು ಅವರು ಕೇಳಿರಲೂ ಇಲ್ಲ. ನಾನು ಕೈ ಒರೆಸಿಕೊಳ್ಳುತ್ತ ನಿನ್ನ ಗಾಡಿಯ ನಂಬರು ಹೇಳಿದೆ. ಆಮೇಲೆ, "ದೇವರ ಫೋಟೋ ಹಿಂದ ಕೈ ಹಾಕ್ರಿ ಸಾಹೇಬ್ರ" ಎಂದೆ.

ನಿಡಸೋಸಿ ಹತ್ತಿರ ಗಾಡಿ ನಿಲ್ಲಿಸಿದ್ದು, ಅವರು ಬೂಟು ಬಿಚ್ಚಿ ಕ್ಯಾಬಿನ್ ಹತ್ತಿದ್ದು, ಮಾಲೆಯನ್ನು ಮೆಲ್ಲಗೆ ತೆಗೆದು ಸೀಟಿನ ಮೇಲಿಟ್ಟು ನೆಟ್ಟಗೆ ಫೋಟೋ ಹಿಂದೆ ಕೈ ಹಾಕಿದ್ದು — ಇದನ್ನೆಲ್ಲ ನೀನೇ ನನಗೆ ಬಂದು ಹೇಳಿದೆ. ನನ್ನ ವೈಪರ್ ಮೋಟಾರು ಗುಂಯ್ ಎಂದು ಟಿ.ವಿ.ಯನ್ನು ಮೇಲೆತ್ತಿತಂತೆ. ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು ಅದು. ಕೇಸಾಯಿತು, ನಿನ್ನ ಲೈಸೆನ್ಸು ಆರು ತಿಂಗಳು ಅಮಾನತಾಯಿತು, ಲಾರಿಯ ಮಾಲೀಕ ನಿನ್ನ ಕೈಯಿಂದ ಕೀಲಿ ಇಸಿದುಕೊಂಡು ದುಂಡಪ್ಪನಿಗೆ ಕೊಟ್ಟ.

ಇಲ್ಲಿಗೆ ನಿಂತಿದ್ದರೆ ಇದು ಒಂದು ಟಿ.ವಿ.ಯ ಮಾತು. ನಿಲ್ಲಲಿಲ್ಲ. ನೀನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೆರಳು ಮಡಿಚಿದೆ. "ಮೂರು ಮಂದಿಗೆ ಗೊತ್ತಿತ್ತು. ನಾ ಹೇಳಿಲ್ಲ. ನೀ ಅಂತೂ ಸತ್ರೂ ಹೇಳಾಂವ ಅಲ್ಲ."

ಆಗಲೇ ಹೇಳಬೇಕಿತ್ತು. ನೀನು ಕಪಾಳಕ್ಕೆ ಬಾರಿಸುತ್ತಿದ್ದೆ, ನಾನು ತಿನ್ನುತ್ತಿದ್ದೆ, ಮುಗಿಯುತ್ತಿತ್ತು. ಕಡೆಗೆ ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. ಅದೂ ಆಗಲಿಲ್ಲ ನನಗೆ. "ಗಾಡಿ ಈಗ ಯಾರ ಕೈಯಾಗ ಐತಿ, ನೀನ ನೋಡಣ್ಣಾ" ಎಂದೆ.

ಸಾಹೇಬರ ಮುಂದೆ ಅಂದದ್ದು ಸಿಟ್ಟಿನ ಮಾತು. ಇದು ಯೋಚಿಸಿ ಆಡಿದ ಮಾತು. ಎರಡರಲ್ಲಿ ನನ್ನನ್ನು ಕೊರೆಯುವುದು ಇದೇ.

ಮರುವಾರ ನೀನು ಮತ್ತೆ ಬಂದೆ, ಮುಖ ಕಪ್ಪಿಟ್ಟಿತ್ತು. ದುಂಡಪ್ಪ ನಿಮ್ಮ ಮನೆಯ ಕಟ್ಟೆಯ ಮೇಲೆ ನಿಂತು, "ಮಾವಾ, ನಾ ಅಲ್ಲ, ನೀವೂ ಅಲ್ಲಂದ್ರ ಶಂಕರನ ಹೇಳಿರಬೇಕ್ರಿ" ಎಂದನಂತೆ. "ನಿನ್ನ ಹೆಸರು ತಗದಾ ನೋಡು! ಕಪಾಳಕ್ಕ ಬಿಟ್ಟೆ. ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ ಅಂದೆ" ಎಂದು ಹೇಳುವಾಗ ನಿನ್ನ ಕಣ್ಣಲ್ಲಿ ನೀರಿತ್ತು. ನನ್ನ ಮರ್ಯಾದೆ ಕಾಯ್ದೆನೆಂದು ನನ್ನ ಹೆಗಲು ಹಿಡಿದೆ. ಉಪ್ಪು ತಿಂದವನು ನಾನು, ನೀರು ಕುಡಿದವನು ಅವನು. ಆ ಹೊತ್ತಿನಲ್ಲೂ ನಾನು ನಿನಗೆ ಚಹಾ ತರಿಸಿದೆ.

ಅಂದಿನಿಂದ ಎಂಟು ನಾಗರ ಪಂಚಮಿ ಆದವು. ಒಂದು ಸಲವೂ ನೀನು ತಂಗಿ ಸುಶೀಲಕ್ಕನನ್ನು ಹಬ್ಬಕ್ಕೆ ಕರೆಯಲು ಹುಕ್ಕೇರಿಗೆ ಹೋಗಲಿಲ್ಲ. ನಿಮ್ಮ ಅವ್ವ ಪ್ರತಿ ವರ್ಷ ಮಗಳಿಗೆಂದು ಉಂಡಿ ಕಟ್ಟಿ, ನಿನ್ನ ಕಣ್ಣು ತಪ್ಪಿಸಿ ಯಾರ ಕೈಯಲ್ಲಾದರೂ ಕಳಿಸುತ್ತಾರಂತೆ. ಎರಡು ಸಲ ಆ ಡಬ್ಬಿ ನನ್ನ ಅಂಗಡಿಗೇ ಬಂದಿತ್ತು, ಹುಕ್ಕೇರಿ ಬಸ್ಸಿಗೆ ಇಡು ಎಂದು. ಇಟ್ಟು ಬಂದೆ, ಭರಮಣ್ಣಾ. ನನ್ನ ಕೈಯಿಂದಲೇ ಇಟ್ಟು ಬಂದೆ.

ಓಡುವ ಗಾಡಿಯಲ್ಲಿ ಸಿನಿಮಾ ನೋಡುವವನನ್ನು ಹಿಡಿಸಿ ಯಾರದೋ ಜೀವ ಉಳಿಸಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಜೀವದ ಚಿಂತೆ ಇದ್ದಿದ್ದರೆ ಟಿ.ವಿ.ಯ ಮುಖ ಸ್ಟೇರಿಂಗ್ ಕಡೆ ತಿರುಗಿಸುತ್ತಿರಲಿಲ್ಲ — ನಿನಗೆ ಎದುರು ನಿಂತು ಆಗುವುದಿಲ್ಲ ಅನ್ನುತ್ತಿದ್ದೆ.

ಕಳೆದ ತಿಂಗಳು ದುಂಡಪ್ಪ ಬಂದಿದ್ದ. ಅವನು ನನ್ನ ಅಂಗಡಿಗೆ ಬರುವುದು ಬಿಟ್ಟ ಮೇಲೆ ಅದೇ ಮೊದಲ ಸಲ. ಹೆಡ್‌ಲೈಟ್ ಹೋಗಿತ್ತು, ಬೇರೆ ಅಂಗಡಿ ಯಾವುದೂ ತೆರೆದಿರಲಿಲ್ಲ. ನಾನು ಕ್ಯಾಬಿನ್ ಹತ್ತಿದೆ. ಅದೇ ಗಾಡಿ, ಅದೇ ಫೋಟೋ, ಹೊಸ ಮಾಲೆ. ಅವನು ಕೆಳಗೆ ನಿಂತು, "ಅದರ ಹಿಂದ ಈಗ ಏನೂ ಇಲ್ಲ ಬಿಡ್ರಿ ಶಂಕರಣ್ಣಾ" ಎಂದ. ಬೈಯಲಿಲ್ಲ. ಲೈಟು ಹತ್ತಿದ ಮೇಲೆ, "ನಮ್ಮ ಮಾವ ಆರಾಮ ಅದಾರೇನ್ರಿ?" ಎಂದು ಕೇಳಿ ಹೋದ.

ಕ್ಷಮಿಸು ಎಂದು ಕೇಳುವುದಿಲ್ಲ. ಸೋಮವಾರ ಮೊದಲ ಬಸ್ಸಿಗೆ ಮೂಡಲಗಿಗೆ ಬರುತ್ತೇನೆ, ನಿಮ್ಮ ಕಟ್ಟೆಯ ಮೇಲೆ ಅವ್ವನ ಎದುರು ನಿಂತು ಇದನ್ನೇ ಬಾಯಿಯಿಂದ ಹೇಳುತ್ತೇನೆ. ನೀನು ಹೊಡೆದರೆ ತಿನ್ನುತ್ತೇನೆ, ನನ್ನನ್ನೂ ಹೊಸ್ತಿಲು ತುಳಿಯಬೇಡ ಅಂದರೆ ಹಾಗೇ ತಿರುಗಿ ಹೋಗುತ್ತೇನೆ. ಆದರೆ ನಾನು ಬರುವತನಕ ನೀನು ಕಾಯಬೇಡ. ಪಂಚಮಿಗೆ ಇನ್ನು ಒಂಬತ್ತು ದಿನ ಇದೆ. ಹುಕ್ಕೇರಿಗೆ ಹೋಗು, ತಂಗಿಯನ್ನು ಕರೆದುಕೊಂಡು ಬಾ. ಅಂದು ನಿನ್ನ ಕಟ್ಟೆಯ ಮೇಲೆ ನಿಂತು ದುಂಡಪ್ಪ ಹೇಳಿದ್ದು ಖರೆ.