ಕಣ್ಣು ಮುಚ್ಚಿ ಕೇಳುತ್ತಿದ್ದ ಸತ್ತಾರ್ ಮೇಷ್ಟ್ರು

ನಾವು ಬರೆದದ್ದನ್ನು ಸತ್ತಾರ್ ಮೇಷ್ಟ್ರು ಓದುತ್ತಿರಲಿಲ್ಲ, ಕೇಳುತ್ತಿದ್ದರು. ಬರೆದವರೇ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಅವರು ಕಿಟಕಿಯ ಪಕ್ಕದ ಗೋಡೆಗೆ ಒರಗಿ, ಕೈಗಳನ್ನು ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ವ್ಯಾಕರಣದ ತಪ್ಪು ಎಷ್ಟೇ ಬರಲಿ, ಅವರ ಮುಖದಲ್ಲಿ ಏನೂ ಆಗುತ್ತಿರಲಿಲ್ಲ. ಆದರೆ ಕಾಣದ್ದನ್ನು ಕಂಡೆ ಎಂದು ಬರೆದ ವಾಕ್ಯ, ಯಾವುದೋ ಗೈಡಿನಿಂದ ಎತ್ತಿಕೊಂಡು ಬಂದ ವಾಕ್ಯ ಕಿವಿಗೆ ಬಿದ್ದ ಕೂಡಲೇ ಅವರ ಎಡಗಣ್ಣು ತೆರೆಯುತ್ತಿತ್ತು. ಬಲಗಣ್ಣು ಮುಚ್ಚಿಯೇ ಇರುತ್ತಿತ್ತು. ಆ ಒಂಟಿ ಕಣ್ಣಿಗೆ ಹೆದರಿದಷ್ಟು ನಾವು ಪ್ರಿನ್ಸಿಪಾಲರ ಗದರಿಕೆಗೂ ಹೆದರಲಿಲ್ಲ.

“ಇದನ್ನ ಯಾರು ಹೇಳಿದ್ದಮ್ಮಾ?” ಎಂದು ಕೇಳುತ್ತಿದ್ದರು.

“ನಾನೇ ಬರೆದದ್ದು ಸಾರ್.”

“ಬರ್ದಿರೋಳು ನೀನೇ, ಗೊತ್ತು. ಹೇಳಿರೋರು ಯಾರು ಅಂತ ಕೇಳ್ದೆ.”

ಎಪ್ಪತ್ತರ ದಶಕದಲ್ಲಿ ನಾನು ತುರುವೇಕೆರೆ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬಸ್ಸು ಹತ್ತಿ ತಿಪಟೂರಿಗೆ ಬಿ.ಎ. ಓದಲು ಬರುತ್ತಿದ್ದೆ. ಅಲ್ಲಿ ನಮಗೆ ಇಂಗ್ಲಿಷ್ ಕಲಿಸಲು ಬಂದವರು ಅವರು. ಸಣ್ಣ ಆಳು, ಮಾಸಿದ ಕಂದು ಕೋಟು, ಸದಾ ಇಸ್ತ್ರಿ ಮಾಡಿದ ಕಾಲರು. ತಂದೆ ಊರಿನ ಪೇಟೆಬೀದಿಯಲ್ಲಿ ದರ್ಜಿಯಾಗಿದ್ದವರು. ಮೇಷ್ಟ್ರೂ ಚಿಕ್ಕಂದಿನಲ್ಲಿ ಅಂಗಡಿಯ ಜಗಲಿಯಲ್ಲಿ ಕೂತು ಗುಂಡಿ ಹೊಲಿದುಕೊಂಡೇ ಓದಿದವರಂತೆ. ಮನೆಮಾತು ಉರ್ದು, ಬೀದಿಯ ಮಾತು ನಮ್ಮ ಸೀಮೆಯ ಕನ್ನಡ, ಹೊಟ್ಟೆಪಾಡು ಇಂಗ್ಲಿಷ್. ಪಾಠ ಮಾಡುವಾಗ ಈ ಕೊನೆಯ ಎರಡನ್ನು ಅವರು ಸ್ವಲ್ಪವೂ ಸಂಕೋಚವಿಲ್ಲದೆ ಬೆರೆಸುತ್ತಿದ್ದರು.

ಮೊದಲ ವಾರವೇ ‘ನನ್ನ ಹುಟ್ಟೂರು’ ಎಂಬ ಪ್ರಬಂಧ ಬರೆಯಲು ಹೇಳಿದರು. ನಾನು ನನ್ನಣ್ಣನ ಹಳೆಯ ಗೈಡು ಬಾಯಿಪಾಠ ಮಾಡಿದ್ದವಳು. ಎದ್ದು ನಿಂತು ಓದತೊಡಗಿದೆ. ನನ್ನ ಊರು ಹಸಿರು ಬೆಟ್ಟಗಳ ನಡುವೆ ಇದೆ, ಊರ ಪಕ್ಕದಲ್ಲಿ ಒಂದು ನದಿ ಜುಳುಜುಳು ಹರಿಯುತ್ತದೆ ಎನ್ನುವಷ್ಟರಲ್ಲಿ ಎಡಗಣ್ಣು ತೆರೆಯಿತು.

“ನಿಮ್ಮೂರಲ್ಲಿ ಯಾವ ಹೊಳೆ ಹರೀತದಮ್ಮಾ?”

“ಹೊಳೆ ಇಲ್ಲ ಸಾರ್.”

“ಮತ್ತೆ ಇಲ್ಲೊಂದು ಹರೀತಾ ಐತಲ್ಲ, ನಮ್ಮ ಕ್ಲಾಸೆಲ್ಲ ಒದ್ದೆ ಆಯ್ತು!”

ತರಗತಿ ಗೊಳ್ಳೆಂದಿತು. ನನಗೆ ಅಳು ಬಂತು. ಅವರು ನಗಲಿಲ್ಲ. ಗೋಡೆ ಬಿಟ್ಟು ನನ್ನ ಬೆಂಚಿನ ಹತ್ತಿರ ಬಂದು, “ಅಳಬೇಡ ಕಣಮ್ಮ. ಹೊಳೆ ಇಲ್ದೋರು ಹೊಳೆ ಇಲ್ಲ ಅಂತಾನೇ ಬರೀಬೇಕು. ನಿಮ್ಮನೇಲಿ ಏನೈತೆ? ಅದನ್ನ ಬರ್ಕಂಡು ಬಾ. ಇಂಗ್ಲಿಷ್ ಪದ ಸಿಗ್ಲಿಲ್ವಾ, ಕನ್ನಡದ್ದೇ ಹಾಕು. ಪದ ಸಿಗ್ಲಿಲ್ಲ ಅಂತ ವಿಷಯ ಬುಡಬೇಡ” ಎಂದರು.

ನಮ್ಮ ಮನೆಯಲ್ಲಿ ಇದ್ದದ್ದು ಅಟ್ಟ. ತೋಟದಿಂದ ಬಂದ ತೆಂಗಿನಕಾಯಿಗಳು ಆ ಅಟ್ಟದ ಕತ್ತಲಲ್ಲಿ ವರ್ಷ ತುಂಬುವವರೆಗೂ ಬಿದ್ದಿರುತ್ತಿದ್ದವು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಉಂಡೆಕೊಬ್ಬರಿಯಾಗಬೇಕು. ನಮ್ಮಜ್ಜಿ ಏಣಿ ಹತ್ತಿ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನೀರಿನ ಸದ್ದು ಬಂದರೆ ಪಕ್ಕಕ್ಕೆ, ಕೊಬ್ಬರಿ ಗಡಗಡ ಅಂದರೆ ಬುಟ್ಟಿಗೆ. ಕಣ್ಣು ಮಂಜಾದ ಮೇಲೂ ಅಜ್ಜಿ ಆ ಕೆಲಸ ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಅದನ್ನೇ ಬರೆದುಕೊಂಡು ಹೋದೆ. ಅರ್ಧಕ್ಕರ್ಧ ಕನ್ನಡ ಪದಗಳಿದ್ದವು. ಓದಿ ಮುಗಿಸಿದೆ. ಮೇಷ್ಟ್ರ ಕಣ್ಣು ಮುಚ್ಚಿಯೇ ಇತ್ತು. ಆಮೇಲೆ ಅವರು, “ಇನ್ನೊಂದ್ಸಲ ಓದಮ್ಮಾ” ಎಂದರು. ನನ್ನ ಜೀವನದಲ್ಲಿ ಆಮೇಲೆ ಸಿಕ್ಕ ಯಾವ ಹೊಗಳಿಕೆಯೂ ಅದಕ್ಕೆ ಸಮವಾಗಲಿಲ್ಲ.

ಬಿ.ಎ. ಮುಗಿಯಿತು. ನನಗೆ ಇಂಗ್ಲಿಷ್ ಎಂ.ಎ. ಓದುವ ಆಸೆ. ಮೈಸೂರಿಗೆ ಹೋಗಬೇಕು, ಹಾಸ್ಟೆಲಿನಲ್ಲಿರಬೇಕು. ಅಪ್ಪ ಆಗಲೇ ಹಂದನಕೆರೆ ಕಡೆಯ ಒಂದು ಸಂಬಂಧ ನೋಡಿಕೊಂಡು ಬಂದಿದ್ದರು. ನಾನು ಅತ್ತದ್ದು, ಊಟ ಬಿಟ್ಟದ್ದು ಯಾವುದೂ ನಡೆಯಲಿಲ್ಲ. ಒಂದು ಮಧ್ಯಾಹ್ನ ಸತ್ತಾರ್ ಮೇಷ್ಟ್ರು ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದುಕೊಂಡು ಬಂದುಬಿಟ್ಟರು. ನಾನು ಕರೆದಿರಲಿಲ್ಲ. ಕಾಲೇಜಿಗೆ ಬರುತ್ತಿದ್ದ ನಮ್ಮೂರಿನ ಹುಡುಗರಿಂದ ಸುದ್ದಿ ತಿಳಿದಿತ್ತಂತೆ.

ಅಪ್ಪ ಎಳನೀರು ಕೊಚ್ಚಿ ಕೊಟ್ಟರು, ಜಗಲಿಯ ಮೇಲೆ ಕೂರಿಸಿದರು, ಮರ್ಯಾದೆಗೇನೂ ಕಮ್ಮಿ ಮಾಡಲಿಲ್ಲ. ಆದರೆ ಮೇಷ್ಟ್ರು ಬಾಯಿ ತೆರೆಯುವ ಮೊದಲೇ, “ಹೆಣ್ಣುಮಗ ಓದಿದ್ದು ಸಾಕು ಮೇಷ್ಟ್ರೇ. ಆ ಮಾತೊಂದು ಬುಟ್ಟು ಬ್ಯಾರೆ ಏನಾರ ಇದ್ರೆ ಹೇಳಿ” ಎಂದರು.

“ಬ್ಯಾರೆ ಏನಿಲ್ಲ ಗೌಡ್ರೇ. ನಿಮ್ಮ ಮಗಳು ಒಂದು ಬರ್ದಿದ್ಲು. ಅದನ್ನ ನೀವು ಕೇಳಿಲ್ವಂತಲ್ಲ. ಕೇಳಿಸ್ಕಂಡು ಹೋಗಾನ ಅಂತ ಬಂದೆ.” ನನ್ನ ಕಡೆ ತಿರುಗಿ, “ಅಟ್ಟದ್ದು ಹೇಳಮ್ಮಾ. ಕನ್ನಡದಲ್ಲೇ ಹೇಳು” ಎಂದರು.

ಅಜ್ಜಿ ತೀರಿಕೊಂಡು ಆಗ ಇನ್ನೂ ವರ್ಷವಾಗಿರಲಿಲ್ಲ. ನಾನು ಕಂಬಕ್ಕೆ ಆತುಕೊಂಡು ನಿಂತು, ಬರೆದದ್ದನ್ನು ನೆನಪಿನಿಂದಲೇ ಕನ್ನಡದಲ್ಲಿ ಹೇಳಿದೆ. ಅಜ್ಜಿಯ ಏಣಿ, ಅವಳ ಮಂಜುಗಣ್ಣು, ಕಿವಿಯ ಓಲೆಗೆ ಕಾಯಿ ತಾಗಿ ಆಗುತ್ತಿದ್ದ ಸಣ್ಣ ಸದ್ದು, “ಇದಕ್ಕಿನ್ನೂ ನೀರೈತೆ ಕಣೇ, ಮಲೀಕಳ್ಳಿ ಬುಡು” ಎಂದು ಮಗುವಿನಂತೆ ಅದನ್ನು ವಾಪಸು ಇಡುತ್ತಿದ್ದದ್ದು. ಅಪ್ಪ ನೆಲ ನೋಡುತ್ತ ಕೂತಿದ್ದರು. ಮುಗಿದ ಮೇಲೆ ಎದ್ದು ತೋಟದ ಕಡೆ ಹೋಗಿಬಿಟ್ಟರು. ಮೇಷ್ಟ್ರು ಅವರಿಗಾಗಿ ಕಾಯಲಿಲ್ಲ. ಅಮ್ಮನಿಗೆ ಕೈ ಮುಗಿದು ಬಸ್ಸಿಗೆ ಹೊರಟರು.

ಅಪ್ಪ ಹಲವು ದಿನ ಆ ವಿಷಯ ಎತ್ತಲೇ ಇಲ್ಲ. ಒಂದು ಬೆಳಿಗ್ಗೆ ಎತ್ತುಗಳಿಗೆ ನೀರು ತೋರಿಸಿ ಬಂದವರು ಅಡಿಗೆಮನೆ ಬಾಗಿಲಲ್ಲಿ ನಿಂತು ಅಮ್ಮನಿಗೆ, “ಓದ್ಕಳ್ಳಿ ಬುಡು. ನಮ್ಮವ್ವ ಹಂಗೆ ಓಲೆಗೆ ತಗುಲಿಸ್ಕಂಡು ಕೇಳ್ತಿದ್ದದ್ದು ನಾನೇ ನೋಡಿರ್ಲಿಲ್ಲ” ಎಂದರು.

ಮೈಸೂರಿನಲ್ಲಿ ನಾನು ಸೋತೆ. ಜೊತೆಯವರೆಲ್ಲ ಕಾನ್ವೆಂಟಿನಲ್ಲಿ ಓದಿದವರು. ಅವರು ಮಾತಾಡುವಾಗ ನಾನು ಪುಸ್ತಕದೊಳಗೆ ಮುಖ ಇಟ್ಟುಕೊಳ್ಳುತ್ತಿದ್ದೆ. ಸೋಲು ಕಾಣದಿರಲೆಂದು ದೊಡ್ಡ ದೊಡ್ಡ ಪದಗಳನ್ನು ಕಲಿತೆ. ವಿಮರ್ಶಕರು ಬರೆದ ಹಾಗೆಯೇ ಬರೆಯುವುದನ್ನು ಕಲಿತೆ. ನಂಬರೂ ಬಂದವು. ದಸರಾ ರಜೆಯಲ್ಲಿ, ಸೆಮಿನಾರಿಗೆಂದು ಒಂದು ಕವಿತೆಯ ಮೇಲೆ ಬರೆದದ್ದನ್ನು ತೆಗೆದುಕೊಂಡು ಹೆಮ್ಮೆಯಿಂದ ತಿಪಟೂರಿನ ಅವರ ಮನೆಗೆ ಹೋದೆ.

ಓದುತ್ತ ಓದುತ್ತ ಅವರ ಎಡಗಣ್ಣಿನ ಕಡೆ ನೋಡುತ್ತಿದ್ದೆ. ಅದು ತೆರೆಯಲೇ ಇಲ್ಲ. ಗೆದ್ದೆ ಅಂದುಕೊಂಡೆ. ಮುಗಿದ ಮೇಲೆ ಅವರು ಒಳಗೆ ಕೂಗಿ ಟೀ ತರಿಸಿದರು. ನಾನು ಟೀ ಕುಡಿದು ಮುಗಿಸಿದೆ.

“ಚೆನ್ನಾಗಿಲ್ವಾ ಸಾರ್?”

“ಚೆನ್ನಾಗೈತೆ. ತಪ್ಪು ಒಂದೂ ಇಲ್ಲ.” ಖಾಲಿ ಲೋಟ ಪಕ್ಕಕ್ಕಿಟ್ಟು, “ನೀನು ಎಲ್ಲಾದ್ರೂ ಸಿಗ್ತೀಯೇನೋ ಅಂತ ಕೊನೇವರ್ಗೂ ಹುಡುಕ್ತಿದ್ದೆ ಕಣಮ್ಮ. ಸಿಗ್ಲಿಲ್ಲ” ಎಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. ಮೈಸೂರು ಸೇರುವಷ್ಟರಲ್ಲಿ ಅದು ಇಳಿದಿತ್ತು. ಆ ಬರಹವನ್ನು ಬಿಟ್ಟು, ಆ ಕವಿತೆ ನನಗೆ ಎಲ್ಲಿ ಅರ್ಥವಾಯಿತು, ಎಲ್ಲಿ ಆಗಲಿಲ್ಲ ಎನ್ನುವುದನ್ನೇ ಮೊದಲಿನಿಂದ ಬರೆದೆ. ನಂಬರು ಮೊದಲಿಗಿಂತ ಕಡಿಮೆಯೇ ಬಂತು. ಆದರೆ ಅಂದಿನಿಂದ ತರಗತಿಯಲ್ಲಿ ತಲೆ ಎತ್ತಿ ಮಾತಾಡಲು ಸಾಧ್ಯವಾಯಿತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅದೇ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದಾಯಿತು. ನಾನು ಪಾಠ ಮಾಡುವ ಕೋಣೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಅಲ್ಲಿಂದ ಹುಡುಗರು ಓದುವ ಸದ್ದು, ಮಧ್ಯೆ ಮಧ್ಯೆ ನಗು ಕೇಳಿಸುತ್ತಿತ್ತು. ಒಂದು ದಿನ ಬೆಳಗಿನ ಎರಡನೆಯ ಪೀರಿಯಡ್ಡಿನಲ್ಲಿ ಚಿಕ್ಕನಾಯಕನಹಳ್ಳಿಯ ಹುಡುಗಿಯೊಬ್ಬಳು ತಾನು ಕುರಿ ಮೇಯಿಸಿದ್ದರ ಬಗ್ಗೆ ಓದುತ್ತಿದ್ದಳು. ಅವಳ ದನಿ ಗೋಡೆಯಾಚೆಯಿಂದ ಬರುತ್ತಲೇ ಇತ್ತು. ಆಮೇಲೆ ಯಾರೋ ಚೀರಿದ ಸದ್ದು.

ನಾನು ಓಡಿ ಹೋದಾಗ ಮೇಷ್ಟ್ರು ಗೋಡೆಗೆ ಒರಗಿದವರು ಹಾಗೆಯೇ ಜಾರಿ ನೆಲದ ಮೇಲೆ ಕೂತಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ಕಣ್ಣು ಮುಚ್ಚಿದ್ದರಿಂದ, ಕೇಳುತ್ತಿದ್ದಾರೆಂದೇ ತಿಳಿದು ಆ ಹುಡುಗಿ ಓದುತ್ತ ಹೋಗಿದ್ದಳು. “ನಾನು ನಿಲ್ಲಿಸ್ಬೇಕಿತ್ತು ಮಿಸ್, ನಾನು ನಿಲ್ಲಿಸ್ಬೇಕಿತ್ತು” ಎಂದು ಅವಳು ಸಂಜೆಯವರೆಗೂ ಅಳುತ್ತಿದ್ದಳು.

ಲಕ್ವ ಹೊಡೆದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡು ಕಳಿಸಿದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಅದಕ್ಕಿಂತ ಹೆಚ್ಚಾಗಿ, ಇಂಗ್ಲಿಷ್ ಪೂರ್ತಿಯಾಗಿ ಹೋಗಿಬಿಟ್ಟಿತ್ತು. ಕನ್ನಡ ಚೂರುಚೂರಾಗಿ ಬರುತ್ತಿತ್ತು. ಮನೆಯ ಉರ್ದು ಮಾತ್ರ ತಡವರಿಸಿಕೊಂಡಾದರೂ ಉಳಿದಿತ್ತು. ಹೀಗೂ ಆಗುವುದುಂಟು, ಅಭ್ಯಾಸ ಮಾಡಿಸಿದರೆ ಒಂದೊಂದಾಗಿ ಹಿಂದಿರುಗಬಹುದು ಎಂದು ಡಾಕ್ಟರು ಹೇಳಿದ್ದರು.

ನಾನು ಭಾನುವಾರಗಳಂದು ಅವರ ಮನೆಗೆ ಹೋಗತೊಡಗಿದೆ. ಅವರ ಹೆಂಡತಿ ಖೈರುನ್ನೀಸಾ ಬಾಗಿಲು ತೆರೆಯುತ್ತಿದ್ದರು. ದಪ್ಪ ಕನ್ನಡಕದ, ಮೆಲುದನಿಯ ಹೆಂಗಸು. ಅಷ್ಟು ವರ್ಷಗಳಲ್ಲಿ ನಾನು ಅವರ ಕೈಯ ಟೀ ಕುಡಿದಿದ್ದೆನೇ ಹೊರತು ಮಾತಾಡಿದ್ದು ಕಡಿಮೆ. ನಾನು ಮೆಟ್ಟಿಲು ಹತ್ತುವಾಗ ಒಳಗಿನಿಂದ ಇಬ್ಬರ ಮಾತು ಕೇಳುತ್ತಿತ್ತು. ನಾನು ಒಳಗೆ ಕಾಲಿಟ್ಟರೆ ನಿಲ್ಲುತ್ತಿತ್ತು.

ಮೊದಲು ಇಂಗ್ಲಿಷೇ ಪ್ರಯತ್ನಿಸಿದೆ. ವರ್ಷವರ್ಷವೂ ಅವರು ಕಣ್ಣಲ್ಲಿ ನೀರು ತುಂಬಿಕೊಂಡು ಪಾಠ ಮಾಡುತ್ತಿದ್ದ ಒಂದು ಕವಿತೆಯನ್ನು ನಿಧಾನವಾಗಿ ಓದಿದೆ. ಅವರು ಗುರುತು ಸಿಗದ ಊರಿನಲ್ಲಿ ಬಸ್ಸಿಳಿದವರಂತೆ ನನ್ನ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ಎಡಗೈಯಿಂದ ಪುಸ್ತಕ ಮುಚ್ಚಿ, “ಸದ್ದು... ಬರೀ ಸದ್ದು” ಎಂದರು. ಆಮೇಲೆ ನಾನು ಆ ಪುಸ್ತಕವನ್ನು ಒಯ್ಯಲಿಲ್ಲ. ಒಂದು ಸ್ಲೇಟು, ಬಳಪ ಕೊಂಡು ಕನ್ನಡ ಅಕ್ಷರ ಶುರು ಮಾಡಿದೆ. ನನಗೆ ಬರೆಯಲು ಕಲಿಸಿದ ಮನುಷ್ಯನ ಎಡಗೈ ಹಿಡಿದು ‘ಅ’ ತಿದ್ದಿಸುವಾಗ ನನಗೆ ಅವರ ಮುಖ ನೋಡುವ ಧೈರ್ಯವಾಗುತ್ತಿರಲಿಲ್ಲ. ಅವರು ಮಾತ್ರ ಬೇಸರಿಸಲಿಲ್ಲ. ವಕ್ರವಾದದ್ದನ್ನು ಅಂಗೈಯಲ್ಲಿ ಒರೆಸಿ ಮತ್ತೆ ಬರೆಯುತ್ತಿದ್ದರು. ಒರೆಸಿ ಒರೆಸಿ ಅವರ ಅಂಗಿಯ ಮುಂಭಾಗವೆಲ್ಲ ಬಿಳಿಯಾಗಿರುತ್ತಿತ್ತು.

ಬೇಸಿಗೆಯ ಹೊತ್ತಿಗೆ ಪದಗಳು ಬಂದವು. ಒಂದು ಭಾನುವಾರ ಇಡೀ ಮಧ್ಯಾಹ್ನ ಕೂತು ಒಂದು ವಾಕ್ಯ ಬರೆದರು. ನಾನು ಹೇಳಿಕೊಟ್ಟದ್ದಲ್ಲ. ‘ಬಾಗಿಲಿಗೆ ಬಿಸಿಲು ಬಂತು.’ ತಿರುಗಿ ನೋಡಿದೆ. ಹೊಸ್ತಿಲ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅವರು ನಕ್ಕರು, ಬಾಯಿಯ ಒಂದೇ ಬದಿಯಿಂದ.

“ಇನ್ನೊಂದು ಬರೀತೀರಾ ಸಾರ್?”

“ನಾಳೆ.”

“ನಾಳೆ ಸೋಮವಾರ ಸಾರ್. ಕಾಲೇಜೈತೆ.”

“ಹಾಂ... ಹೋಗು.” ಮುಂದಿನ ಪದಕ್ಕಾಗಿ ಬಹಳ ಹೊತ್ತು ತಡಕಿದರು. “ಹುಡುಗ್ರು... ಕಾಯ್ತಾರೆ.”

ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಆ ವಾರದಲ್ಲೇ ಮತ್ತೊಂದು ಸಲ ಲಕ್ವ ಹೊಡೆಯಿತು. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಗಲಿಲ್ಲ.

ಸುದ್ದಿ ತಿಳಿದು ಹೋದಾಗ ಬೀದಿಯ ತುಂಬ ಅವರ ಹಳೆಯ ವಿದ್ಯಾರ್ಥಿಗಳು. ಗಂಡಸರೆಲ್ಲ ಹೆಗಲು ಕೊಟ್ಟು ಮಸೀದಿಯ ಕಡೆ ನಡೆದರು. ನಾನು ಒಳಗೆ ಹೆಂಗಸರ ಜೊತೆ ಉಳಿದೆ. ಖೈರುನ್ನೀಸಾ ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ಸಮಾಧಾನ ಹೇಳಬೇಕೆಂದು ಪಕ್ಕದಲ್ಲಿ ಕೂತು, “ಇನ್ನೊಂದಷ್ಟು ದಿನ ಇದ್ದಿದ್ರೆ ಎಲ್ಲಾ ವಾಪಸ್ ಬರ್ತಿತ್ತಮ್ಮಾ. ಇಂಗ್ಲಿಷೂ ಬರ್ತಿತ್ತು” ಎಂದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಮದ್ವೆ ಆದಾಗಿಂದ ಇವ್ರು ನನ್ನತ್ರ ಮಾತು ಕಮ್ಮಿ, ಬೇಟಿ. ಕಾಲೇಜಿಂದ ಬರೋರು, ಪುಸ್ತಕ ಹಿಡ್ಕಂಡು ಕೂರೋರು. ನಂಗೆ ಓದಕ್ಕೆ ಬರಲ್ಲ. ನನ್ನತ್ರ ಏನು ಮಾತಾಡ್ತಾರೆ? ಒಳ್ಳೇ ಮನುಷ್ಯ, ಒಂದಿನ ಬೈದೋರಲ್ಲ. ಮಾತು ಮಾತ್ರ ಇಲ್ಲ. ಈ ಕಾಯ್ಲೆ ಬಂತು ನೋಡು, ಅವ್ರ ಇಂಗ್ಲಿಷ್ ಹೋಯ್ತು, ನಿಮ್ಮ ಕನ್ನಡಾನೂ ಹೋಯ್ತು. ನಮ್ಮನೆ ಮಾತೊಂದು ಉಳೀತು. ಆಗ ಮಾತಾಡಿದ್ರು. ಅವ್ರ ಅಮ್ಮನ ವಿಷ್ಯ ಹೇಳಿದ್ರು. ಮದ್ವೆ ದಿನ ನಾನು ಯಾವ ಬಣ್ಣ ಉಟ್ಟಿದ್ದೆ ಅಂತ ಹೇಳಿದ್ರು. ನಂಗೇ ಮರ್ತೋಗಿತ್ತು.” ದನಿ ತಗ್ಗಿಸಿದರು. “ಎಲ್ಲಾ ವಾಪಸ್ ಬರ್ತದೆ ಅಂತ ಡಾಕ್ಟ್ರು ಹೇಳಿದ್ರಲ್ಲ, ಅವತ್ತು ಅಡಿಗೆಮನೆಗೆ ಹೋಗಿ ಅತ್ತೆ ಬೇಟಿ. ಖುಷಿಗಲ್ಲ.”

ನಾನು ಅವರ ಕೈ ಹಿಡಿದುಕೊಂಡೆ. ಹಾಗೆಯೇ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಚಪ್ಪಲಿಗಳ ಸದ್ದಾಯಿತು. ಮಣ್ಣು ಕೊಟ್ಟು ಗಂಡಸರು ಹಿಂದಿರುಗುತ್ತಿದ್ದರು.